ಹೆಜಕಾಯ ಚಿಕ್ಕಪ್ಪನ ಸಹಿ

ಅಳತೆಯ ಟೇಪು ಹಿಡಿದ ಇಬ್ಬರು ಗಂಡಸರು ವರ್ನೆಟಾಳ ಮನೆಯ ಮುಂದೆ ನಿಂತದ್ದನ್ನು ಮೊದಲು ಕಂಡವಳು ನಾನು. ಫಿಲಡೆಲ್ಫಿಯಾದ ಪಶ್ಚಿಮ ಭಾಗದ ನಮ್ಮ ಬೀದಿಗೆ ನಾನು ಕ್ಯಾಪ್ಟನ್. ದೊಡ್ಡ ಹುದ್ದೆಯೇನಲ್ಲ, ಯಾರ ಮೆಟ್ಟಿಲ ಮುಂದೆ ಹಿಮ ಹಾಗೇ ಬಿದ್ದಿದೆ, ಯಾರ ಬೀದಿದೀಪ ಕೆಟ್ಟಿದೆ ಎಂದು ನೋಡಿಕೊಳ್ಳುವ ಕೆಲಸ. ಇಪ್ಪತ್ತೊಂಬತ್ತು ವರ್ಷ ನಗರದ ಬಸ್ಸು ಓಡಿಸಿ ನಿವೃತ್ತಳಾದ ಮೇಲೆ ಕಿಟಕಿಯ ಪಕ್ಕ ಕೂತು ರಸ್ತೆ ನೋಡುವುದು ಬಿಟ್ಟು ಬೇರೆ ಚಟ ನನಗಿಲ್ಲ.

ವರ್ನೆಟಾ ಆಗಷ್ಟೇ ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದಿದ್ದಳು. ತಲೆಗೆ ಹಾಕುವ ಬಲೆಯನ್ನು ಇನ್ನೂ ತೆಗೆದಿರಲಿಲ್ಲ. ನಾನು ಚಪ್ಪಲಿ ಮೆಟ್ಟಿ ರಸ್ತೆ ದಾಟುವ ಹೊತ್ತಿಗೆ ಮಾತು ಶುರುವಾಗಿತ್ತು.

"ಅಮ್ಮಾ, ಈ ಮನೆ ಈಗ ನಮ್ ಕಂಪನೀದು. ಹೋದ್ ತಿಂಗ್ಳು ಕೊಂಡ್ಕೊಂಡ್ವಿ," ಎಂದ ಒಬ್ಬ.

"ಯಾರ ಹತ್ರ ಕೊಂಡ್ಕೊಂಡ್ರಿ?"

ಅವನು ಫೋನು ತೆಗೆದು ನೋಡಿದ. "ಹೆಜಕಾಯ ಗ್ಯಾಡ್ಸನ್ ಅನ್ನೋರ ಹತ್ರ."

ವರ್ನೆಟಾ ನಕ್ಕುಬಿಟ್ಟಳು. "ಅವರು ಹೋಗಿ ಇಪ್ಪತ್ತೆಂಟು ವರ್ಷ ಆಯ್ತಲ್ಲಪ್ಪ! ನಿಮ್ಗೆಲ್ಲಿ ಸಿಕ್ಕಿದ್ರು? ಚೆನ್ನಾಗಿದಾರಾ?"

ನಾನೂ ನಕ್ಕೆ. ಅವನು ನಗಲಿಲ್ಲ. "ಅದೇನಿದ್ರೂ ಕೋರ್ಟಲ್ಲಿ ಹೇಳಿ," ಎಂದು ಅವಳ ಕೈಗೆ ದಪ್ಪ ಲಕೋಟೆ ಇಟ್ಟು, ಮನೆಯ ಮುಂಭಾಗದ ಅಗಲವನ್ನು ಅಳೆದುಕೊಂಡೇ ಹೊರಟ.

ಒಂಬತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ವರ್ನೆಟಾಳನ್ನು ಆ ಮನೆಗೆ ಕರೆತಂದು ಸಾಕಿದವಳು ಅವಳ ಚಿಕ್ಕಮ್ಮ ಯೂಲಾ. ಹೆಜಕಾಯ ಆ ಚಿಕ್ಕಮ್ಮನ ಗಂಡ, ಮನೆ ಕೊಂಡವನು. ಅವನು ತೊಂಬತ್ತನಾಲ್ಕರಲ್ಲಿ ತೀರಿಕೊಂಡ. ಯೂಲಾ ಮುದುಕಿಯಾಗಿ ಹಾಸಿಗೆ ಹಿಡಿದಾಗ, ಸಾಯುವವರೆಗೆ ಹನ್ನೊಂದು ವರ್ಷ ಅವಳನ್ನು ಎತ್ತಿ ಇಳಿಸಿ ನೋಡಿಕೊಂಡವಳು ವರ್ನೆಟಾ. ಮನೆ ವರ್ನೆಟಾಗೇ ಸೇರಬೇಕೆಂದು ಯೂಲಾ ಉಯಿಲನ್ನೂ ಬರೆದಿಟ್ಟಿದ್ದಳು. ಆದರೆ ದಾಖಲೆಯಲ್ಲಿ ಹೆಸರು ಬದಲಾಯಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನೀರಿನ ಬಿಲ್ಲು ಸತ್ತವನ ಹೆಸರಿಗೇ ಬರುತ್ತಿತ್ತು, ಬದುಕಿದ್ದವಳು ಕಟ್ಟುತ್ತಿದ್ದಳು. ನಮ್ಮ ಬೀದಿಯಲ್ಲಿ ಇದು ಹೊಸದಲ್ಲ. ಅರ್ಧ ಮನೆಗಳು ಇವತ್ತಿಗೂ ಸತ್ತವರ ಹೆಸರಲ್ಲಿವೆ. ಇದನ್ನು ಅರಿತ ಯಾವನೋ ಕಳ್ಳ ತಾನೇ ಹೆಜಕಾಯ ಎಂದು ಹೇಳಿಕೊಂಡು ಸಹಿ ಹಾಕಿ ಮನೆ ಮಾರಿಬಿಟ್ಟಿದ್ದ.

ಲಕೋಟೆಯಲ್ಲಿ ಏನಿತ್ತು ಎಂದು ಎರಡು ಸಲ ಕೇಳಿದೆ. "ಏನೋ ತಪ್ ತಿಳ್ಕೊಂಡಿದಾರೆ, ಬಿಡು," ಎಂದಳು. ಹನ್ನೆರಡು ದಿನದ ಮೇಲೆ ಬೆಳಿಗ್ಗೆ ಕಾಫಿಗೆಂದು ಹೋದರೆ ಊಟದ ಮೇಜಿನ ಮೇಲೆ ಹಳೇ ಪತ್ರಿಕೆಗಳ ರಾಶಿ. ಯೂಲಾಳ ಪಿಂಗಾಣಿ ತಟ್ಟೆಗಳನ್ನು ವರ್ನೆಟಾ ಒಂದೊಂದಾಗಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದಳು.

"ಇದೇನೇ ಇದು?"

ಅವಳು ಮುಖ ಎತ್ತಲಿಲ್ಲ. "ಇಪ್ಪತ್ತು ದಿನದೊಳ್ಗೆ ಉತ್ರ ಕೊಡ್ಬೇಕಂತೆ ಕಣೆ ಕೊರೀನ್. ಇಲ್ದಿದ್ರೆ ಮನೆ ಅವರ್ದಂತೆ. ನನ್ ಹತ್ರ ವಕೀಲನ್ನ ಇಡೋ ಶಕ್ತಿ ಎಲ್ಲಿದೆ? ಬೀದಿಗೆ ಎಳೆದು ಹಾಕೋಕ್ ಮುಂಚೆ ನಾನೇ ಹೋಗ್ತೀನಿ."

"ಎಲ್ಲಿಗ್ ಹೋಗ್ತೀಯ?"

ಅವಳು ಕೈಯಲ್ಲಿದ್ದ ತಟ್ಟೆಯನ್ನು ಸುತ್ತುತ್ತಲೇ ಇದ್ದಳು. ಒಂದು ತಟ್ಟೆಗೆ ಆರು ಹಾಳೆ.

ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ನಮ್ಮ ಕಡೆಯ ದೊಡ್ಡ ರಸ್ತೆಯಲ್ಲಿ, ಕೂದಲಿನ ಅಂಗಡಿಗೂ ಟೈರಿನ ಅಂಗಡಿಗೂ ನಡುವೆ, ಮನೆಯ ತೊಂದರೆ ಇರುವವರಿಗೆ ಪುಕ್ಕಟೆ ಸಲಹೆ ಕೊಡುವ ಒಂದು ಆಫೀಸಿದೆ. ಬಸ್ಸು ಓಡಿಸುವಾಗ ದಿನಕ್ಕೆ ಎಂಟು ಸಲ ಅದರ ಫಲಕ ದಾಟಿ ಹೋಗುತ್ತಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. "ಕೋಟು ಹಾಕ್ಕೋ," ಎಂದೆ.

"ಪುಕ್ಕಟೆ ಸಿಗೋ ವಕೀಲ ಪುಕ್ಕಟೆ ಸಿಗೋ ಬ್ರೆಡ್ಡಿನ್ ಥರಾನೇ, ನಿನ್ನೇದಾಗಿರ್ತದೆ."

"ನಿನ್ನೇ ಬ್ರೆಡ್ಡಲ್ಲೇ ಅಲ್ವೇನೇ ನೀನು ಪುಡ್ಡಿಂಗ್ ಮಾಡೋದು? ನಡಿ."

ಕಾಗದಗಳನ್ನೆಲ್ಲ ಅವಳು ಒಂದು ದಿಂಬಿನ ಚೀಲಕ್ಕೆ ತುಂಬಿಕೊಂಡಳು. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿ ಮಗುವಿನಂತೆ ಹಿಡಿದು ಕೂತಿದ್ದಳು.

ಒಳಗೆ ಗೋಡೆಗುಂಟ ಕುರ್ಚಿಗಳು, ಎಲ್ಲದರಲ್ಲೂ ಜನ. ನಮ್ಮ ಸರದಿ ಬಂದಾಗ ಎದುರಿಗಿದ್ದವನು ನಲವತ್ತರ ಆಸುಪಾಸಿನ ಪೋರ್ಟೊ ರಿಕೊ ಮನುಷ್ಯ, ಎಲಿಯುದ್ ಮಾಲ್ಡೊನಾಡೊ. ವಕೀಲನಲ್ಲ, ಸಲಹೆಗಾರ. ವರ್ನೆಟಾ ದಿಂಬಿನ ಚೀಲವನ್ನು ಮೇಜಿನ ಮೇಲಿಟ್ಟು ಬಾಯಿ ತೆರೆಯುವ ಮೊದಲೇ ಕ್ಷಮೆ ಕೇಳತೊಡಗಿದಳು. ಬೇಗ ಬರಬೇಕಿತ್ತು, ತಪ್ಪಾಯಿತು, ಕಾಗದಗಳು ಅಸ್ತವ್ಯಸ್ತವಾಗಿವೆ.

"ಮಿಸ್ ವರ್ನೆಟಾ, ಇವತ್ತು ಎಷ್ಟನೇ ದಿನ?" ಎಂದು ಕೇಳಿದ ಅವನು.

"ಹದಿಮೂರು."

"ಹಾಗಾದ್ರೆ ಇನ್ನೂ ಏಳಿದೆ. ಇಪ್ಪತ್ತೊಂದನೇ ದಿನ ಲಕೋಟೆ ಒಡೀದೇನೇ ತರ್ತಾರೆ ಕೆಲವರು. ನೀವು ಒಡೆದು, ಓದಿ, ಎಲ್ಲಾ ಹೊತ್ಕೊಂಡ್ ಬಂದಿದೀರಿ. ಕೂತ್ಕೊಳ್ಳಿ."

ಅವನು ಚೀಲವನ್ನು ಸುರಿದು ಕಾಗದಗಳನ್ನು ವಿಂಗಡಿಸಿದ. ತೆರಿಗೆಯ ರಸೀದಿ ಒಂದು ಕಡೆ, ಯೂಲಾಳ ಉಯಿಲು ಇನ್ನೊಂದು ಕಡೆ, ಕಂಪನಿಯ ನೋಟೀಸು ನಡುವೆ. ಮನೆಯಲ್ಲಿ ಎಷ್ಟು ಜನ, ಸಂಬಳ ಎಷ್ಟು, ಮಾಡು ಸೋರುತ್ತದೆಯೇ, ಚಳಿಗಾಲಕ್ಕೆ ಮನೆ ಕಾಯಿಸುವ ಒಲೆ ಸರಿಯಿದೆಯೇ ಎಂದೆಲ್ಲ ಕೇಳುತ್ತಾ ಬರೆದುಕೊಂಡ. ಸಂಬಳ ಹೇಳುವಾಗ ಅವಳ ದನಿ ತಗ್ಗಿತು. ಅವನು ತಲೆ ಎತ್ತದೆ, ಶಾಲೆಯಲ್ಲಿ ಯಾವ ದಿನ ಏನಡುಗೆ ಎಂದು ಕೇಳಿದ. ಶುಕ್ರವಾರ ಮೀನು ಎಂದಳು. ತನ್ನ ಮಗಳು ಅದೇ ಶಾಲೆಯಲ್ಲಿದ್ದಾಳೆ, ಶುಕ್ರವಾರ ಮಾತ್ರ ಡಬ್ಬಿ ಒಯ್ಯುವುದಿಲ್ಲ ಎಂದ. ಆಮೇಲೆ ಅವಳು ನೇರವಾಗಿ ಕೂತಳು.

ಅದೇ ಮಧ್ಯಾಹ್ನ ಅವನು ಬಡವರ ಪರ ವಾದಿಸುವ ವಕೀಲರ ಕಚೇರಿಗೆ ಫೋನು ಮಾಡಿ, ಮರುದಿನಕ್ಕೆ ಸಮಯ ಗೊತ್ತು ಮಾಡಿಕೊಟ್ಟ. ವಿಳಾಸ, ಯಾವ ಟ್ರಾಲಿ ರೈಲು ಹತ್ತಬೇಕು, ಎಷ್ಟನೇ ಮಹಡಿ, ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದುಕೊಟ್ಟ. ಬಾಗಿಲವರೆಗೆ ಬಂದು, "ಆ ಪೆಟ್ಟಿಗೆ ಕಟ್ಟೋದು ನಿಲ್ಸಿ," ಎಂದ. ಪೆಟ್ಟಿಗೆಯ ವಿಷಯ ನಾವು ಹೇಳಿಯೇ ಇರಲಿಲ್ಲ.

ವಕೀಲೆ ಶಿರಾ ಬ್ರಾಡ್‌ಸ್ಕಿ ತೆಳ್ಳಗಿನ ಹುಡುಗಿ. ಕಾಲಿಗೆ ಓಡುವ ಬೂಟು, ಹಿಂದೆ ಚಕ್ರದ ಪೆಟ್ಟಿಗೆಯ ತುಂಬ ಫೈಲು. ಅವಳನ್ನು ಕಂಡಾಗ ವರ್ನೆಟಾ ನನ್ನ ಕಿವಿಯಲ್ಲಿ, "ಇವ್ಳಿಗೆ ನಾನು ಊಟ ಬಡಿಸಿರ್ಬೇಕು ಕಣೆ, ಅಷ್ಟ್ ಚಿಕ್ಕೋಳು," ಎಂದಳು. ಆ ಚಿಕ್ಕವಳು ಕ್ರಯಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿ ನೇರವಾಗಿ ವಿಷಯಕ್ಕೆ ಬಂದಳು.

"ಸುಳ್ಳು ಸಹಿಯಿಂದ ಯಾರೂ ಮನೆಯ ಯಜಮಾನರಾಗಲ್ಲ, ಮಿಸ್ ವರ್ನೆಟಾ. ಆದ್ರೆ ಸುಳ್ಳು ಅಂತ ನಾವು ತೋರಿಸ್ಬೇಕು. ಉತ್ರ ನಾನು ನಾಡಿದ್ದೇ ಹಾಕ್ತೀನಿ. ಅವರು ಏನಂತಾರೆ ಗೊತ್ತಾ? ನಮ್ಗೆ ಮಾರಿದ ಹೆಜಕಾಯ ಬದುಕಿದಾರೆ, ನಿಮ್ ಹೆಜಕಾಯ ಬೇರೆ ಯಾರೋ ಅಂತಾರೆ. ಮರಣ ಪತ್ರ ಇದೆಯಾ?"

ಇರಲಿಲ್ಲ. ಹೆಜಕಾಯ ತನ್ನ ಅಣ್ಣನನ್ನು ನೋಡಲು ದಕ್ಷಿಣ ಕೆರೊಲಿನಾಕ್ಕೆ ಹೋದಾಗ ಅಲ್ಲೇ ತೀರಿಕೊಂಡಿದ್ದ, ಶವವನ್ನು ಮಾತ್ರ ಫಿಲಡೆಲ್ಫಿಯಾಕ್ಕೆ ತಂದಿದ್ದರು. ಯೂಲಾಳ ಹತ್ತಿರ ಇದ್ದ ಪ್ರತಿ ಮಾಡು ಸೋರಿ ಹಾಳಾಗಿತ್ತು.

"ಅಲ್ಲಿಯವರು ಹತ್ತಿರದ ರಕ್ತಸಂಬಂಧಿ ಕೇಳಿದ್ರೆ ಬೇಗ ಕೊಡ್ತಾರೆ. ಅವರಿಗೆ ಮಕ್ಕಳಿದ್ರಾ?"

ವರ್ನೆಟಾ ಕೈಚೀಲದ ಹಿಡಿಯನ್ನು ತಿರುಚಿದಳು. "ಒಬ್ಬ ಮಗ ಇದಾನೆ. ಥರ್ಮನ್. ಮೊದಲ್ನೇ ಹೆಂಡ್ತಿ ಮಗ."

ಶಿರಾ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಇನ್ನೊಂದ್ ವಿಷಯ ಹೇಳ್ಬೇಕು, ಮುಚ್ಚಿಡಲ್ಲ. ನಿಮ್ ಚಿಕ್ಕಪ್ಪ ಉಯಿಲು ಬರೀದೇ ಹೋದ್ರು. ಕಾನೂನಿನ ಪ್ರಕಾರ ಅರ್ಧ ಮನೆ ಹೆಂಡತಿಗೆ, ಅರ್ಧ ಆ ಮಗನಿಗೆ. ನಾವು ಈ ಕೇಸು ಗೆದ್ರೂ ನಿಮ್ಗೆ ಬರೋದು ಚಿಕ್ಕಮ್ಮನ ಅರ್ಧ ಮಾತ್ರ."

ಹಿಂದಿರುಗುವಾಗ ಟ್ರಾಲಿಯಲ್ಲಿ ವರ್ನೆಟಾ ನನಗೆ ಹೇಳಿದ್ದು ಇದು. ಹೆಜಕಾಯನ ಶವಯಾತ್ರೆಯ ದಿನ ಕುಟುಂಬದವರ ಕಾರಿನಲ್ಲಿ ಒಂದೇ ಸೀಟು ಉಳಿದಿತ್ತು. ಥರ್ಮನ್ ಬಾಗಿಲಿಗೆ ಕೈ ಹಾಕಿದ. ವರ್ನೆಟಾ ಅವನಿಗಿಂತ ಮೊದಲೇ ನುಗ್ಗಿ ಕೂತು, "ಹತ್ತು ವರ್ಷ ಈ ಕಡೆ ತಲೆ ಹಾಕಲಿಲ್ಲ, ಈಗ ಮಗ ಅಂತ ಬಂದ್ಯಾ?" ಎಂದಿದ್ದಳು. ಎಲ್ಲರೂ ಕೇಳಿಸಿಕೊಂಡರು. ಅವನು ಬಾಗಿಲು ಮೆಲ್ಲಗೆ ಮುಚ್ಚಿ, ಟೋಪಿ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ಹೊರಟುಹೋದ. ಮಣ್ಣಿಗೆ ಬರಲಿಲ್ಲ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

"ಆಗ ನಂಗೆ ಮೂವತ್ಮೂರು ವರ್ಷ," ಎಂದಳು. "ಚಿಕ್ಕೋಳು ಅನ್ನೋ ಹಾಗೂ ಇಲ್ಲ."

ಥರ್ಮನ್‌ನ ವಿಳಾಸ ಹುಡುಕಿಕೊಟ್ಟವನು ಎಲಿಯುದ್. ನಗರದ ಆಚೆ, ನದಿಯ ದಂಡೆಯ ಚೆಸ್ಟರ್‌ನಲ್ಲಿ ಅವನು ಮಗಳ ಜೊತೆಗಿದ್ದ. "ಪತ್ರ ನಾವೂ ಕಳಿಸ್ಬೋದು," ಎಂದ ಎಲಿಯುದ್. "ಆದ್ರೆ ಕಚೇರಿ ಲಕೋಟೆ ಕಂಡಾಗ ನಿಮ್ಗೆ ಏನನ್ನಿಸ್ತೋ, ಅವ್ರಿಗೂ ಅದೇ ಅನ್ಸುತ್ತೆ. ನೀವೇ ಹೋದ್ರೆ ಒಳ್ಳೇದು."

ಶನಿವಾರ ನನ್ನ ಕಾರಿನಲ್ಲಿ ಹೋದೆವು. ಥರ್ಮನ್ ಎಪ್ಪತ್ತು ದಾಟಿದ ಎತ್ತರದ ಮನುಷ್ಯ, ಹಿತ್ತಿಲಿನ ತೊಟ್ಟಿಯಲ್ಲಿ ಮೀನಿನ ಹುರುಪೆ ಹೆರೆಯುತ್ತಿದ್ದ. ವರ್ನೆಟಾಳನ್ನು ಕಂಡು ಚಾಕು ನಿಲ್ಲಿಸಿದ, ಆಮೇಲೆ ಮತ್ತೆ ಹೆರೆಯತೊಡಗಿದ.

"ಯಾರು ಸತ್ರು?" ಎಂದ.

"ಯಾರೂ ಸತ್ತಿಲ್ಲ ಥರ್ಮನ್. ನಾನು ಕ್ಷಮೆ ಕೇಳೋಕ್ ಬಂದೆ."

"ಇಪ್ಪತ್ತೆಂಟ್ ವರ್ಷದ್ ಮೇಲೆ? ಇನ್ನೇನೋ ಬೇಕಾಗಿದೆ ನಿಂಗೆ."

"ಬೇಕಾಗಿದೆ. ಸುಳ್ಳು ಹೇಳಲ್ಲ. ಆದ್ರೆ ಕ್ಷಮೆ ಮೊದ್ಲು." ಅವಳು ಅಲ್ಲೇ ಹಿತ್ತಿಲಲ್ಲಿ ನಿಂತು, ಮೀನಿನ ನೀರು ಬೂಟಿಗೆ ಹರಿಯುತ್ತಿದ್ದರೂ ಸರಿಯದೆ, ಕಾರಿನ ದಿನದ ಮಾತೆಲ್ಲ ಹೇಳಿದಳು. ಏನೂ ಬಿಡಲಿಲ್ಲ, ತನ್ನನ್ನು ಸಮರ್ಥಿಸಿಕೊಳ್ಳಲಿಲ್ಲ. ಆಮೇಲೆ ಸುಳ್ಳು ಕ್ರಯಪತ್ರದ ಕಥೆ ಹೇಳಿದಳು. ಅರ್ಧ ಮನೆ ಅವನದೆಂಬುದನ್ನೂ ಹೇಳಿದಳು. ನಾನಾಗಿದ್ದರೆ ಅದನ್ನು ಮೊದಲ ದಿನವೇ ಹೇಳುತ್ತಿರಲಿಲ್ಲವೇನೋ.

ಥರ್ಮನ್ ಕೈ ತೊಳೆದುಕೊಂಡ. "ಯೋಚ್ನೆ ಮಾಡ್ಬೇಕು," ಎಂದಷ್ಟೇ ಹೇಳಿ ಒಳಗೆ ಹೋದ. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

ಐದು ದಿನದ ಮೇಲೆ ಫೋನು ಬಂತು. "ಅಪ್ಪನ್ನ ಎಲ್ಲಿ ಮಲಗ್ಸಿದೀರಿ, ತೋರ್ಸು," ಎಂದನಂತೆ.

ಸ್ಮಶಾನದಲ್ಲಿ ನಾನು ಕಾರಿನ ಹತ್ತಿರವೇ ಉಳಿದೆ. ಅವರಿಬ್ಬರು ಸಾಲುಗಳ ನಡುವೆ ಹುಡುಕುತ್ತಾ ಹೋಗುವುದು ಕಾಣುತ್ತಿತ್ತು. ಕಲ್ಲು ಚಿಕ್ಕದು, ಹುಲ್ಲು ಮುಚ್ಚಿತ್ತು. ಥರ್ಮನ್ ಮಂಡಿಯೂರಿ ಬರಿಗೈಯಲ್ಲಿ ಹುಲ್ಲು ಕಿತ್ತ. ವರ್ನೆಟಾಳೂ ಕೂತು ಕಿತ್ತಳು. ವಾಪಸು ಬಂದಾಗ ಇಬ್ಬರ ಬಟ್ಟೆಗೂ ಕೆಸರು. ಮರಣ ಪತ್ರದ ಅರ್ಜಿಯನ್ನು ನನ್ನ ಕಾರಿನ ಬಾನೆಟ್ಟಿನ ಮೇಲೆ ಬಿಡಿಸಿಟ್ಟು ಥರ್ಮನ್ ಸಹಿ ಹಾಕಿದ. ಬಾನೆಟ್ಟು ಬಿಸಿಯಿತ್ತು, "ಕೈ ಸುಟ್ಟೇ ಸಹಿ ಮಾಡಿಸ್ಕೊಳ್ತೀರಲ್ಲಮ್ಮ," ಎಂದು ನನ್ನನ್ನು ಬೈದ. ಆಗಲೇ ನನಗೆ ಧೈರ್ಯ ಬಂದದ್ದು.

ವರ್ನೆಟಾ ಮೆಲ್ಲಗೆ, "ನಿನ್ ಅರ್ಧದ್ ವಿಷಯ," ಎಂದು ಶುರು ಮಾಡಿದಳು.

"ನಂಗೆ ಮನೆ ಬೇಡ ಕಣೆ," ಎಂದ ಥರ್ಮನ್. "ಅವತ್ತು ಆ ಕಾರಲ್ಲಿ ಒಂದ್ ಸೀಟು ಬೇಕಿತ್ತು, ಅಷ್ಟೇ."

ಈ ಮಾತನ್ನು ಶಿರಾಗೆ ಹೇಳಿದರೆ ಅವಳು ಕುಣಿಯುತ್ತಾಳೆಂದು ನಾವು ಅಂದುಕೊಂಡಿದ್ದೆವು. ಅವಳು ಬೇರೆಯೇ ಹೇಳಿದಳು. "ಬಹಳ ದೊಡ್ಡ ಮಾತು. ಆದ್ರೆ ನಾನು ನಿಮ್ ವಕೀಲೆ, ಅವರ ವಕೀಲೆ ಅಲ್ಲ. ಅರ್ಧ ಮನೆ ಬಿಟ್ಕೊಡೋಕ್ ಮುಂಚೆ ಅವರ ಕಡೆಯವರು ಯಾರಾದ್ರೂ ಕೂತು ಅವರಿಗೆ ವಿವರಿಸ್ಬೇಕು." ಚೆಸ್ಟರ್ ಕಡೆಯ ಇನ್ನೊಬ್ಬ ಉಚಿತ ವಕೀಲರನ್ನು ಎಲಿಯುದ್ ಗೊತ್ತು ಮಾಡಿದ. ಥರ್ಮನ್ ಅವರ ಮಾತು ಒಂದು ಗಂಟೆ ಕೇಳಿ, ಮಗಳ ಗೊಣಗಾಟವನ್ನೂ ಕೇಳಿ, ಮನಸ್ಸು ಬದಲಿಸಲಿಲ್ಲ. ನಾನು ಅಂದಿನವರೆಗೆ ವಕೀಲರನ್ನು ನೋಡಿದ್ದು ಬಸ್ಸಿನ ಅಪಘಾತದ ಕೇಸುಗಳಲ್ಲಿ ಮಾತ್ರ. ಎದುರಿನವನ ಒಳಿತನ್ನೂ ನೋಡುವ ವಕೀಲರಿದ್ದಾರೆಂದು ಅರುವತ್ತೈದನೇ ವಯಸ್ಸಿಗೆ ತಿಳಿಯಿತು.

ವಿಚಾರಣೆ ಬರಲು ಹತ್ತು ತಿಂಗಳು ಹಿಡಿಯಿತು. ಆ ಹತ್ತು ತಿಂಗಳು ಶಿರಾ ಪ್ರತಿ ಎರಡನೇ ಸೋಮವಾರ ಫೋನು ಮಾಡುತ್ತಿದ್ದಳು. ಹೊಸದೇನೂ ಇಲ್ಲದಾಗಲೂ, "ಹೊಸದೇನೂ ಇಲ್ಲ ಮಿಸ್ ವರ್ನೆಟಾ, ನಿದ್ದೆ ಮಾಡ್ತಿದೀರಾ?" ಎಂದು ಕೇಳುವುದಕ್ಕೇ. ಒಂದು ಸಲ ವರ್ನೆಟಾ ಗೆಣಸಿನ ಪೈ ಮಾಡಿ ಒಯ್ದಳು. ಶಿರಾ ಕೈ ಹಿಂದಕ್ಕೆಳೆದುಕೊಂಡಳು. "ಉಡುಗೊರೆ ತಗೋಬಾರ್ದು ಅಂತ ನಿಯಮ ಇದೆ."

"ಇದು ಉಡುಗೊರೆ ಅಲ್ಲ ಕಂದಾ, ಪೈ."

ಕೊನೆಗೆ ಆ ಪೈ ಎಲಿಯುದ್‌ನ ಆಫೀಸಿನಲ್ಲಿ, ಕಾದು ಕೂತ ಜನರ ನಡುವಿನ ಮೇಜಿನ ಮೇಲೆ ಹೋಗಿ ಕೂತಿತು. ಹತ್ತು ನಿಮಿಷದಲ್ಲಿ ತಟ್ಟೆ ಖಾಲಿ. ಅಂದಿನಿಂದ ತಿಂಗಳಿಗೊಂದು ಪೈ ಅಲ್ಲಿಗೆ ಹೋಗುವುದು ರೂಢಿಯಾಯಿತು.

ಸಿಟಿ ಹಾಲಿನ ಎತ್ತರದ ಕೋಣೆಯಲ್ಲಿ ವಿಚಾರಣೆ ನಡೆಯಿತು. ಶಿರಾ ಹೇಳಿದಂತೆಯೇ ಕಂಪನಿಯ ವಕೀಲ, ತಮಗೆ ಮಾರಿದ ಹೆಜಕಾಯನೇ ಬೇರೆ ಎಂದ. ಶಿರಾ ಮರಣ ಪತ್ರ ಇಟ್ಟಳು, ಅದರಲ್ಲಿದ್ದ ಮನೆಯ ವಿಳಾಸ ಹೆಜಕಾಯ ಮನೆ ಕೊಂಡಾಗಿನ ಹಳೆಯ ಕ್ರಯಪತ್ರದಲ್ಲಿದ್ದದ್ದೇ ಎಂದು ತೋರಿಸಿದಳು. ಯಾವ ನೋಟರಿಯ ಮೊಹರು ಸುಳ್ಳು ಕ್ರಯಪತ್ರದ ಮೇಲಿತ್ತೋ ಆ ಹೆಂಗಸೇ ಬಂದು, ತನ್ನ ಮೊಹರು ಹಿಂದಿನ ವರ್ಷ ಕಾರಿನಿಂದ ಕಳುವಾಗಿತ್ತು ಎಂದು ಪೊಲೀಸ್ ದೂರಿನ ಪ್ರತಿ ಕೊಟ್ಟಳು. ಕೊನೆಗೆ ಥರ್ಮನ್ ಎದ್ದ.

ನ್ಯಾಯಾಧೀಶೆ ಅವನಿಗೆ ಸಹಿ ತೋರಿಸಿದರು. "ಇದು ನಿಮ್ ತಂದೇದಾ?"

ಥರ್ಮನ್ ಕನ್ನಡಕ ಏರಿಸಿ ನೋಡಿದ. "ಇಷ್ಟ್ ಅಂದವಾಗಿ ಅಪ್ಪ ಬರೆದಿದ್ರೆ ನಾನೇ ಹೆಮ್ಮೆ ಪಡ್ತಿದ್ದೆ ಮೇಡಂ. ಅವನು ತನ್ ಹೆಸರನ್ನ ಪೂರ್ತಿ ಬರೀಲೇ ಇಲ್ಲ. ಎಚ್ ಅಂತ ಒಂದಕ್ಷರ, ಆಮೇಲೆ ಒಂದ್ ಗೆರೆ. ಬ್ಯಾಂಕಲ್ಲೂ ಅದೇ, ನನ್ ಸ್ಕೂಲ್ ಕಾರ್ಡಲ್ಲೂ ಅದೇ." ಜೇಬಿನಿಂದ ಹಳದಿಯಾದ ಅಂಕಪಟ್ಟಿಯೊಂದನ್ನು ತೆಗೆದ. ಶಿರಾಗೂ ಅದು ಮೊದಲೇ ಗೊತ್ತಿರಲಿಲ್ಲ, ಅವಳ ಬಾಯಿ ತೆರೆದೇ ಇತ್ತು. ಎಚ್ ಮತ್ತು ಒಂದು ಗೆರೆ.

ನ್ಯಾಯಾಧೀಶೆ ಆ ಕ್ರಯಪತ್ರವನ್ನು ರದ್ದು ಮಾಡಿದರು. ವರ್ನೆಟಾಗೆ ಅರ್ಥವಾಗಲಿಲ್ಲ. ಶಿರಾ ಅವಳ ಕಡೆ ಬಾಗಿ, "ಮನೆಗೆ ಹೋಗಿ ತಟ್ಟೆಗಳನ್ನ ಪೆಟ್ಟಿಗೆಯಿಂದ ತೆಗೀರಿ," ಎಂದಳು. ಆಗ ವರ್ನೆಟಾ ಆ ಹುಡುಗಿಯ ಹೆಗಲಿಗೆ ಮುಖ ಹಚ್ಚಿ ಅತ್ತಳು. ಫೈಲುಗಳು ಜಾರಿ ನೆಲದ ತುಂಬ ಹರಡಿದವು, ಕಂಪನಿಯ ವಕೀಲನೇ ಬಗ್ಗಿ ಒಂದಷ್ಟು ಎತ್ತಿಕೊಟ್ಟ.

ಮುಂದಿನದು ಕಾಗದದ ಕೆಲಸ. ಯೂಲಾಳ ಉಯಿಲು ದಾಖಲಾಯಿತು. ಥರ್ಮನ್ ತನ್ನ ಪಾಲನ್ನು ಬರೆದುಕೊಟ್ಟ. ಸಹಿಗೆ ಮುಂಚೆ ನೋಟರಿಗೆ, "ನನ್ನ ಸರಿಯಾಗಿ ನೋಡಿ, ಉಸಿರಾಡ್ತಿದೀನಿ ತಾನೇ?" ಎಂದು ಕೇಳಿದ. ಹೆಸರು ತನ್ನದಾದ ಮೇಲೆ ವರ್ನೆಟಾಗೆ ನಗರದ ದುರಸ್ತಿ ಯೋಜನೆಯಲ್ಲಿ ಅರ್ಜಿ ಹಾಕುವ ಹಕ್ಕು ಬಂತು. ಎಲಿಯುದ್ ಆ ಅರ್ಜಿಯನ್ನೂ ತುಂಬಿಸಿದ, ಅಕ್ಟೋಬರಿನಲ್ಲಿ ಮಾಡಿಗೆ ಹೊಸ ಹೊದಿಕೆ ಬಿತ್ತು.

ಆಮೇಲಿನ ಭಾನುವಾರ ನಮ್ಮ ಚರ್ಚಿನಲ್ಲಿ ಕಂಡ ಉಪಕಾರ ನೆನೆದು ಸಾಕ್ಷಿ ಹೇಳುವ ಹೊತ್ತು ಬಂದಾಗ ವರ್ನೆಟಾ ಎದ್ದಳು. ಮೂವತ್ತು ವರ್ಷ ಬಿಳಿ ಕೈಗವಸು ಹಾಕಿ ಜನರಿಗೆ ಸೀಟು ತೋರಿಸಿದವಳೇ ಹೊರತು ಅವಳು ಯಾವತ್ತೂ ಮಾತಾಡಿದವಳಲ್ಲ.

"ಮೊದ್ಲು ದೇವರಿಗೆ," ಎಂದಳು. ಎಲ್ಲರೂ ಆಮೆನ್ ಎಂದರು. "ಆಮೇಲೆ ಎಲಿಯುದ್ ಮಾಲ್ಡೊನಾಡೊಗೆ. ನನ್ ದಿಂಬಿನ ಚೀಲ ನೋಡಿ ನಗದೇ ಇದ್ದಿದ್ದಕ್ಕೆ. ಶಿರಾ ಬ್ರಾಡ್‌ಸ್ಕಿ ಅನ್ನೋ ಮಗೂಗೆ. ಅವ್ಳು ನನ್ ಹತ್ರ ಒಂದ್ ಕಾಸೂ ತಗೊಳ್ಳಲಿಲ್ಲ, ಒಂದ್ ತುಂಡು ಪೈನೂ ತಗೊಳ್ಳಲಿಲ್ಲ. ನನ್ ಕಾಗದ ಹುಡುಕೋಕೆ ಮೂರ್ ಸಲ ಕಪಾಟು ಹತ್ತಿಳಿದ ದಾಖಲೆ ಕಚೇರಿ ಹೆಂಗಸಿಗೆ, ಹೆಸರು ಗೊತ್ತಿಲ್ಲ, ನೀಲಿ ಸ್ವೆಟರು. ನನ್ ತಮ್ಮ ಥರ್ಮನ್‌ಗೆ. ತಮ್ಮ ಅಲ್ಲ, ನಂಗಿಂತ ದೊಡ್ಡೋನು, ಅಣ್ಣ. ನಮ್ ಬೀದಿ ಕ್ಯಾಪ್ಟನ್ ಕೊರೀನ್ ಬಾಯ್ಕಿನ್‌ಗೆ, ಅವ್ಳು ನನ್ನ ಕೇಳಲಿಲ್ಲ, ಕೋಟ್ ಹಾಕ್ಕೋ ಅಂದ್ಳು…"

ಪಾದ್ರಿ ಗಡಿಯಾರ ನೋಡಿ, "ಸೋದರಿ ವರ್ನೆಟಾ," ಎಂದು ಮೆಲ್ಲಗೆ ಕರೆದರು.

"ಪಾಸ್ಟರ್, ನೀವು ಹೋದ್ ವಾರ ಐವತ್ತು ನಿಮಿಷ ಮಾತಾಡಿದ್ರಿ, ನಾನು ಕೂತು ಕೇಳಿದೆ," ಎಂದಳು ವರ್ನೆಟಾ. ಇಡೀ ಚರ್ಚು ನಕ್ಕಿತು. ಪಾದ್ರಿಯೂ ನಕ್ಕು ಕೂತರು. ಅವಳು ಮುಂದುವರಿಸಿದಳು. ಥರ್ಮನ್ ಕೊನೆಯ ಸಾಲಿನಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ.

ಪ್ರಾರ್ಥನೆ ಮುಗಿದ ಮೇಲೆ ಕೆಳಗಿನ ಊಟದ ಕೋಣೆಗೆ ಹೋಗುವ ಮೆಟ್ಟಿಲ ಬಳಿ ನಾಲ್ಕು ಜನ ಅವಳನ್ನು ಸುತ್ತುವರಿದರು. ಒಬ್ಬಳ ಮನೆ ಇನ್ನೂ ಅಜ್ಜಿಯ ಹೆಸರಲ್ಲಿ. ಇನ್ನೊಬ್ಬನ ಕೈಯಲ್ಲಿ ಒಡೆಯದ ಲಕೋಟೆ. ಆ ಆಫೀಸು ಎಲ್ಲಿ, ಏನು ತರಬೇಕು, ಎಂದು ಎಲ್ಲರೂ ಒಟ್ಟಿಗೇ ಕೇಳಿದರು. ವರ್ನೆಟಾ ನನ್ನ ಕೈಯಿಂದ ಪೆನ್ನು ಕಸಿದುಕೊಂಡು, ಚರ್ಚಿನಲ್ಲಿ ಹಂಚಿದ್ದ ಅವರವರ ಪ್ರಾರ್ಥನೆಯ ಚೀಟಿಯ ಹಿಂಬದಿಯಲ್ಲಿ ವಿಳಾಸ, ಯಾವ ಬಸ್ಸು, ಯಾವ ಎರಡು ಅಂಗಡಿಗಳ ನಡುವೆ ಎಂಬುದನ್ನು ದೊಡ್ಡಕ್ಷರದಲ್ಲಿ ಬರೆದುಕೊಟ್ಟಳು.